ಮುಟ್ಟಿದರಷ್ಟೇ ನುಡಿಯುವ ಲೋಹ

ಚೌಕಾಕಾರದ ಒಂದು ಹಿತ್ತಾಳೆ ಫಲಕ. ಅದರ ಮೇಲೆ ಸಾಲುಸಾಲಾಗಿ ನೆಟ್ಟಗೆ ನಿಂತ ತೆಳ್ಳನೆಯ ಲೋಹದ ಸಲಾಕೆಗಳು. ಕೆಲವು ಶಿಲ್ಪಗಳಲ್ಲಿ ಸಲಾಕೆಯ ತುದಿಗೆ ಬೆರಳುಗಾತ್ರದ ಉರುಳೆಯೊಂದನ್ನು ಸೇರಿಸಿರುತ್ತಾರೆ, ಕೆಲವು ಬರಿಯ ಸಲಾಕೆಗಳೇ. ಬಗ್ಗಿ ಬುಡವನ್ನು ನೋಡಿದರೆ ಮಾಡಿದವನ ಕೈಕೆಲಸ ಗೊತ್ತಾಗುತ್ತದೆ: ಒಂದೊಂದು ಸಲಾಕೆಗೂ ಫಲಕದಲ್ಲಿ ತೂತು ಕೊರೆದು, ಅದರೊಳಗೆ ಇಳಿಸಿ, ಬೆಸುಗೆ ಹಾಕಿ ಭದ್ರಪಡಿಸಲಾಗಿದೆ. ಹತ್ತಾರು ಸಲಾಕೆಗಳಿದ್ದರೆ ಹತ್ತಾರು ಬೆಸುಗೆ, ನೂರಾರಿದ್ದರೆ ನೂರಾರು. ಕೋಣೆಯ ಮೂಲೆಯಲ್ಲಿ ಇದು ಸುಮ್ಮನೆ ನಿಂತಿದ್ದಾಗ ಆಧುನಿಕ ಶಿಲ್ಪಕಲೆಯ ಅಚ್ಚುಕಟ್ಟಾದ ಮಾದರಿ ಅನ್ನಿಸಬಹುದು. ಅಷ್ಟಕ್ಕೇ ನೋಡಿ ಮುಂದೆ ಹೋದವರು ಅದರ ಅರ್ಧವನ್ನೂ ಕಂಡಂತಾಗಲಿಲ್ಲ.

ಅಂಗೈಯನ್ನು ಸಲಾಕೆಗಳ ಮೇಲ್ತುದಿಗೆ ಒತ್ತಿ ಮೆಲ್ಲಗೆ ಸವರಿ ಬಿಟ್ಟರೆ ಮೊದಲ ಸಾಲು ಬಾಗಿ ಎರಡನೆಯ ಸಾಲಿಗೆ ತಾಗುತ್ತದೆ, ಅದು ಮೂರನೆಯದಕ್ಕೆ. ಇಡೀ ಗುಂಪಿನಲ್ಲಿ ಅಲೆಯೊಂದು ಹಾದುಹೋಗಿ ಆ ಕಡೆಯ ಅಂಚಿನಿಂದ ಹಿಂತಿರುಗುತ್ತದೆ. ಆಗ ಹೊರಡುವ ನಾದಕ್ಕೆ ಮೊದಲ ಕ್ಷಣದಲ್ಲಿ ತಾಡನದ ಗಡಸಿರುತ್ತದೆ. ಆಮೇಲೆ ಅದು ಹರಡಿಕೊಂಡು, ದಪ್ಪವಾಗಿ, ಎಲ್ಲಿಂದ ಬರುತ್ತಿದೆಯೆಂದು ಬೆರಳು ಮಾಡಿ ತೋರಿಸಲಾಗದ ಗುಂಯ್‌ಗುಡುವಿಕೆಯಾಗುತ್ತದೆ. ಎತ್ತರದ ಸಲಾಕೆಗಳಾದರೆ ಈ ತೂಗಾಟವೂ ನಾದವೂ ನಿಮಿಷಗಟ್ಟಲೆ ನಡೆಯುತ್ತವೆ.

ಇವುಗಳನ್ನು ಮಾಡಿದವನು ಹ್ಯಾರಿ ಬರ್ಟೋಯಾ. ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿ ಪ್ರಾಂತ್ಯದ ಸಾನ್ ಲೊರೆಂಜೊ ಎಂಬ ಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ. ಹದಿನೈದನೆಯ ವಯಸ್ಸಿನಲ್ಲಿ, 1930ರಲ್ಲಿ, ಅಣ್ಣ ಒರೆಸ್ಟೆ ಇದ್ದ ಅಮೆರಿಕದ ಡೆಟ್ರಾಯ್ಟ್‌ಗೆ ಬಂದು ಅಲ್ಲಿನ ಕ್ಯಾಸ್ ತಾಂತ್ರಿಕ ಪ್ರೌಢಶಾಲೆಯಲ್ಲಿ ಕಲಿತ. 1937ರಲ್ಲಿ ವಿದ್ಯಾರ್ಥಿವೇತನದ ಮೇಲೆ ಕ್ರ್ಯಾನ್‌ಬ್ರುಕ್ ಕಲಾ ಅಕಾಡೆಮಿ ಸೇರಿದ. ಅಲ್ಲಿನ ಲೋಹದ ಕಾರ್ಯಾಗಾರವನ್ನು ನೋಡಿಕೊಳ್ಳುವ ಕೆಲಸವೂ ಅವನಿಗೇ ಬಂತು. ಆದರೆ ಎರಡನೆಯ ಮಹಾಯುದ್ಧ ಶುರುವಾಗಿ ಲೋಹವೆಲ್ಲ ಸೇನೆಯ ಪಾಲಾಯಿತು. ದೊಡ್ಡ ಕೆಲಸಕ್ಕೆ ಸಾಮಗ್ರಿಯೇ ಇಲ್ಲದಾಗ ಬರ್ಟೋಯಾ ಆಭರಣಗಳತ್ತ ತಿರುಗಿದ. ಗೆಳೆಯ ಚಾರ್ಲ್ಸ್ ಈಮ್ಸ್ ಮದುವೆಯಾದಾಗ ವಧು ರೇಗೆ ಉಂಗುರ ಮಾಡಿಕೊಟ್ಟವನು ಇವನೇ. ಅದೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕಾಗಿ ಬರೆದ ವರದಿಯಿಂದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇಂದು ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ನಮ್ಮ ವಿನ್ಯಾಸ ವಿದ್ಯಾರ್ಥಿಗಳಿಗೆ ಈಮ್ಸ್ ಹೆಸರು ಬಾಯಿಪಾಠ. ಬರ್ಟೋಯಾನನ್ನು ಅವರು ಬಹುಮಟ್ಟಿಗೆ ಕುರ್ಚಿಯ ಹೆಸರಾಗಿ ಮಾತ್ರ ಕೇಳಿರುತ್ತಾರೆ.

ಕುರ್ಚಿಯ ವಿಚಾರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಏಕೆಂದರೆ ಶಿಲ್ಪಗಳಿಗೆ ಬೇಕಾದ ಬಿಡುವನ್ನು ಕೊಟ್ಟದ್ದು ಅದೇ. ಕ್ಯಾಲಿಫೋರ್ನಿಯಾದಲ್ಲಿ ಕೆಲವು ವರ್ಷ ಕಳೆದು, 1950ರಲ್ಲಿ ಬರ್ಟೋಯಾ ಪೀಠೋಪಕರಣ ತಯಾರಕರಾದ ನೋಲ್ ದಂಪತಿಯ ಕರೆಯ ಮೇರೆಗೆ ಪೆನ್ಸಿಲ್ವೇನಿಯಾಕ್ಕೆ ಬಂದ. ಅವರು ಅವನಿಗೆ ಇಂಥದ್ದನ್ನೇ ಮಾಡು ಎನ್ನಲಿಲ್ಲ, ಮಾಡಿನೋಡು ಎಂದರು. ಹುಟ್ಟಿದ್ದು ಉಕ್ಕಿನ ಸರಳುಗಳನ್ನು ಜಾಲರಿಯಾಗಿ ಹೆಣೆದ ‘ಡೈಮಂಡ್’ ಕುರ್ಚಿ. 1952ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಮಾರಾಟದಲ್ಲಿದೆ. ಈ ಕುರ್ಚಿಗಳು ಹೆಚ್ಚಾಗಿ ಗಾಳಿಯಿಂದಲೇ ಆದವು, ಅವುಗಳೊಳಗೆ ಜಾಗವೇ ಹಾದುಹೋಗುತ್ತದೆ ಎಂಬ ಅರ್ಥದ ಮಾತನ್ನು ಅವನು ಆಡಿದ್ದುಂಟು. ಕುರ್ಚಿಯ ಯಶಸ್ಸು ಕೈಗೆ ಕಾಸು ತಂದಿತು. ಆಮೇಲೆ ಅವನು ಪೀಠೋಪಕರಣದ ಕಡೆ ಹೊರಳಿ ನೋಡಲಿಲ್ಲ. ಬ್ಯಾಲಿ ಎಂಬ ಊರಿನಲ್ಲಿ ಕಾರ್ಯಾಗಾರ, ಪಕ್ಕದ ಬಾರ್ಟೊದಲ್ಲಿ ಹೊಲ, ಮನೆ, ಹಳೆಯದೊಂದು ಕೊಟ್ಟಿಗೆ. ಬದುಕಿನ ಉಳಿದ ಭಾಗವೆಲ್ಲ ಅಲ್ಲೇ ಕಳೆಯಿತು.

1953ರಿಂದ ಕಟ್ಟಡಗಳಿಗೆಂದು ದೊಡ್ಡ ಲೋಹಶಿಲ್ಪಗಳ ಬೇಡಿಕೆ ಒಂದರ ಹಿಂದೊಂದು ಬಂತು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ 1954ರಲ್ಲಿ ತೆರೆದ ಬ್ಯಾಂಕಿಗೆ 70 ಅಡಿ ಉದ್ದದ ಲೋಹದ ಪರದೆ. ಮರುವರ್ಷ ಎಂಐಟಿ ಪ್ರಾರ್ಥನಾ ಮಂದಿರದಲ್ಲಿ, ಮೇಲಿನ ಗವಾಕ್ಷಿಯಿಂದ ಇಳಿಬಿದ್ದು ಬೆಳಕನ್ನು ಚೂರುಚೂರಾಗಿಸುವ ಲೋಹದ ತುಣುಕುಗಳು. ವಾಸ್ತುಶಿಲ್ಪಿ ಏರೊ ಸಾರಿನೆನ್ ಕಟ್ಟಿದ ಆ ಕತ್ತಲೆಯ ದುಂಡು ಕೋಣೆಯಲ್ಲಿ ಕಣ್ಣು ಮೊದಲು ಹೋಗುವುದು ಅವುಗಳ ಮೇಲೆಯೇ. ಇವೆಲ್ಲ ಸದ್ದಿಲ್ಲದ ಶಿಲ್ಪಗಳು.

ನಾದ ಬಂದದ್ದು 1960ರ ಆಸುಪಾಸಿನಲ್ಲಿ, ಆಕಸ್ಮಿಕವಾಗಿ. ತಂತಿಯೊಂದನ್ನು ಬಗ್ಗಿಸುತ್ತಿದ್ದಾಗ ಅದು ತುಂಡಾಗಿ ಇನ್ನೊಂದಕ್ಕೆ ಬಡಿದು ಝಣ್ ಎಂದಿತಂತೆ. ಒಂದೇ ತಂತಿ ಇಷ್ಟು ನುಡಿದರೆ ಹತ್ತು ಏನು ಮಾಡಬಹುದು, ನೂರು ಏನು ಮಾಡಬಹುದು ಎಂದು ಅವನು ಯೋಚಿಸಿದ. ಲೋಹದ ಕೆಲಸ ಮಾಡುವ ಯಾರಿಗೂ ಇಂಥ ಸದ್ದು ದಿನವೂ ಕಿವಿಗೆ ಬೀಳುತ್ತದೆ. ಅದರ ಬೆನ್ನು ಹತ್ತಿ ಉಳಿದ ಹದಿನೆಂಟು ವರ್ಷಗಳನ್ನು ಸವೆಸುವವರು ಅಪರೂಪ. ಅಣ್ಣ ಒರೆಸ್ಟೆ ಸಂಗೀತ ಬಲ್ಲವನಾಗಿದ್ದರಿಂದ ಈ ಹುಡುಕಾಟಕ್ಕೆ ಜೊತೆಯಾದ.

ಹಾಗಾದರೆ ಒಂದು ಸಲಾಕೆ ನುಡಿಯುವುದು ಹೇಗೆ? ನಮಗೆ ಪರಿಚಿತವಾದ ತಂಬೂರಿಯಿಂದಲೇ ಶುರುಮಾಡೋಣ. ತಂಬೂರಿಯ ತಂತಿ ಎರಡೂ ತುದಿಯಲ್ಲಿ ಬಿಗಿಯಾಗಿರುತ್ತದೆ. ಮೀಟಿದಾಗ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಆವರ್ತನದ ಉಪಸ್ವರಗಳೂ ಹುಟ್ಟುತ್ತವೆ. ಐದರಷ್ಟಿನದು ಅಂತರ ಗಾಂಧಾರ. ಅದಕ್ಕೇ ಯಾರೂ ಮೀಟದ ಗಾಂಧಾರ ಶ್ರುತಿ ಕೂಡಿದ ತಂಬೂರಿಯಲ್ಲಿ ತಾನಾಗಿ ಕೇಳುತ್ತದೆ. ಈ ಉಪಸ್ವರಗಳೆಲ್ಲ ಪೂರ್ಣಸಂಖ್ಯೆಯ ಲೆಕ್ಕಕ್ಕೆ ಬದ್ಧವಾಗಿರುವುದರಿಂದ ಕಿವಿಗೆ ಒಂದೇ ಸ್ವರವಾಗಿ ಹೊಂದಿಕೊಳ್ಳುತ್ತವೆ.

ಒಂದು ತುದಿ ಮಾತ್ರ ಫಲಕದಲ್ಲಿ ಹುಗಿದು ಇನ್ನೊಂದು ತುದಿ ಗಾಳಿಯಲ್ಲಿರುವ ಸಲಾಕೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಎರಡನೆಯ ಕಂಪನ ಮೊದಲನೆಯದರ 6.27ರಷ್ಟು, ಮೂರನೆಯದು 17.55ರಷ್ಟು, ನಾಲ್ಕನೆಯದು 34.39ರಷ್ಟು. ಯಾವುದೂ ಸುಲಭದ ಅನುಪಾತವಲ್ಲ. ಹಾಗಾಗಿ ಈ ನಾದವನ್ನು ಷಡ್ಜ, ಪಂಚಮ ಎಂದು ಹೆಸರಿಟ್ಟು ಕರೆಯಲು ಕಿವಿ ತಡವರಿಸುತ್ತದೆ. ಗಂಟೆ, ಜಾಗಟೆಗಳ ದನಿಯಲ್ಲಿ ನಮಗೆ ಗೊತ್ತಿರುವ ಲೋಹದ ಬಣ್ಣವೂ ಇಂಥ ಹೊಂದದ ಉಪಸ್ವರಗಳಿಂದಲೇ ಬರುವುದು.

ಇಲ್ಲಿ ನನಗೆ ತುಂಬ ಸೊಗಸೆನಿಸುವ ಸಂಗತಿಯೊಂದಿದೆ. ಮೂರು ಮಿಲಿಮೀಟರ್ ದಪ್ಪ, ಒಂದು ಮೀಟರ್ ಎತ್ತರದ ಬೆರಿಲಿಯಂ ತಾಮ್ರದ ಸಲಾಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರ ಮೂಲ ಕಂಪನ ಸೆಕೆಂಡಿಗೆ ಸುಮಾರು 1.6 ಸಲ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20 ಕಂಪನದಿಂದ ಮೇಲಿನದು. ಅಂದರೆ ಸಲಾಕೆಯ ಮೂಲಸ್ವರ ಕಿವಿಗೆ ಬೀಳುವುದೇ ಇಲ್ಲ, ಕಣ್ಣಿಗೆ ತೂಗಾಟವಾಗಿ ಕಾಣುತ್ತದೆ! ಎರಡನೆಯ ಕಂಪನ ಸುಮಾರು 10, ಅದೂ ಕಿವಿಯಾಚೆ. ಮೂರನೆಯದು ಸುಮಾರು 29, ನಾಲ್ಕನೆಯದು 57. ಅಲ್ಲಿಂದ ಮೇಲಕ್ಕೆ ನಾವು ಕೇಳುವ ನಾದ. ಒಂದೇ ಲೋಹದ ಒಂದೇ ಅಲುಗಾಟದಲ್ಲಿ ಕೆಳಗಿನ ಭಾಗವನ್ನು ಕಣ್ಣು ಹಂಚಿಕೊಳ್ಳುತ್ತದೆ, ಮೇಲಿನದನ್ನು ಕಿವಿ. ಶಿಲ್ಪವೂ ವಾದ್ಯವೂ ಒಂದೇ ವಸ್ತುವಿನಲ್ಲಿ ಇಷ್ಟು ಸಹಜವಾಗಿ ಕೂಡಿದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ನಾದ ಅಷ್ಟು ಹೊತ್ತು ಉಳಿಯುವ ಗುಟ್ಟೂ ಇಲ್ಲೇ ಇದೆ. ಸೂಕ್ಷ್ಮ ಕಂಪನಗಳು ಬೇಗ ಆರಿಹೋಗುತ್ತವೆ, ಆದರೆ ನಿಧಾನದ ತೂಗಾಟ ಶಕ್ತಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ತೂಗುತ್ತಿರುವಷ್ಟು ಹೊತ್ತೂ ಸಲಾಕೆಗಳು ಒಂದಕ್ಕೊಂದು ತಾಗುತ್ತಿರುತ್ತವೆ, ತಾಗಿದಾಗಲೆಲ್ಲ ಹೊಸ ದನಿ ಹುಟ್ಟುತ್ತದೆ. ಕೈ ತೆಗೆದ ಮೇಲೂ ಶಿಲ್ಪ ತನ್ನನ್ನು ತಾನೇ ನುಡಿಸಿಕೊಳ್ಳುತ್ತಿರುತ್ತದೆ ಎನ್ನಬಹುದು. ತುದಿಯ ಉರುಳೆಗಳ ಕೆಲಸವೂ ಇದೇ: ಭಾರ ಹೆಚ್ಚಿದಂತೆ ತೂಗಾಟ ನಿಧಾನವಾಗುತ್ತದೆ, ಬಲವಾಗುತ್ತದೆ, ಹೊಡೆತಕ್ಕೆ ಗಟ್ಟಿತನ ಬರುತ್ತದೆ.

ಎತ್ತರದ ಪ್ರಭಾವ ಅಚ್ಚರಿ ಹುಟ್ಟಿಸುವಷ್ಟಿದೆ. ತಂತಿಯ ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಇಳಿಯುತ್ತದೆ. ಸಲಾಕೆಯ ಉದ್ದ ಇಮ್ಮಡಿಯಾದರೆ ಆವರ್ತನ ನಾಲ್ಕನೇ ಒಂದಕ್ಕೆ, ಅಂದರೆ ಎರಡು ಸ್ಥಾಯಿ ಕೆಳಗೆ ಹೋಗುತ್ತದೆ. ದಪ್ಪ ಅರ್ಧವಾದರೆ ಒಂದು ಸ್ಥಾಯಿ ಇಳಿತ. ಬರ್ಟೋಯಾ ಕೈಯಲ್ಲಿ ಹಿಡಿದು ಆಡುವಷ್ಟು ಚಿಕ್ಕವನ್ನೂ ಆಳೆತ್ತರವನ್ನು ಮೀರಿದವನ್ನೂ ಮಾಡಿದ್ದರಿಂದ ಇವುಗಳ ನಾದದ ಹರವು ಬಹು ದೊಡ್ಡದು. ಗಿಡ್ಡ ಸಲಾಕೆಗಳದು ಮಳೆಹನಿ ತಗಡಿಗೆ ಬಿದ್ದಂಥ ಚಿಟಿಚಿಟಿ, ಎತ್ತರದವುಗಳದು ಎದೆಗೂಡಿಗೇ ತಟ್ಟುವ ಗುಡುಗು. ಒಂದೇ ಅಳತೆಯ ಸಲಾಕೆಗಳೂ ಕೈಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗಿಯೇ ಇರುತ್ತವೆ. ಒಂದು ಸೆಕೆಂಡಿಗೆ 200 ಸಲ, ಪಕ್ಕದ್ದು 202 ಸಲ ಕಂಪಿಸಿದರೆ ಎರಡರ ನಾದ ಸೇರಿ ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಭೌತಶಾಸ್ತ್ರದ ಪಠ್ಯದಲ್ಲಿ ಇದೇ ವಿಸ್ಪಂದ. ತಂಬೂರಿಯ ಶ್ರುತಿ ಮಾಡುವವರು ಈ ಏರಿಳಿತವನ್ನು ಕೇಳಿಕೊಂಡೇ ಬಿರಡೆ ತಿರುಗಿಸಿ ಅದನ್ನು ಇಲ್ಲವಾಗಿಸುತ್ತಾರೆ. ಬರ್ಟೋಯಾ ಅದನ್ನು ಉಳಿಸಿಕೊಂಡ. ಅವನ ನಾದದಲ್ಲಿ ಉಸಿರಾಟದಂತಹ ಒಂದು ಚಲನೆ ಇರುವುದು ಇದರಿಂದ.

ಲೋಹದ ಆಯ್ಕೆಯಲ್ಲೂ ಅವನು ಯಾವುದಕ್ಕೂ ಅಂಟಿಕೊಳ್ಳಲಿಲ್ಲ. ಹಿತ್ತಾಳೆ, ಕಂಚು, ಉಕ್ಕು, ನಿಕ್ಕಲ್ ಬೆರೆತ ಮೊನೆಲ್, ಇಂಕೊನೆಲ್ ಎಲ್ಲವನ್ನೂ ಪ್ರಯತ್ನಿಸಿದ. ಅವನಿಗೆ ಬಹಳ ಒಗ್ಗಿದ್ದು ಬೆರಿಲಿಯಂ ತಾಮ್ರ. ಶುದ್ಧ ತಾಮ್ರ ಮೆತ್ತಗಿನ ಲೋಹ, ಬಗ್ಗಿಸಿದರೆ ಬಗ್ಗಿದಂತೆಯೇ ಉಳಿಯುತ್ತದೆ. ಅದಕ್ಕೆ ಸುಮಾರು ನೂರಕ್ಕೆ ಎರಡರಷ್ಟು ಬೆರಿಲಿಯಂ ಬೆರೆಸಿ, 300 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಮೇಲಿನ ಶಾಖದಲ್ಲಿ ಕೆಲವು ಗಂಟೆ ಹದಗೊಳಿಸಿದರೆ ಒಳ್ಳೆಯ ಉಕ್ಕಿಗೆ ಸಮನಾದ ಬಲವೂ ಸ್ಪ್ರಿಂಗಿನ ಗುಣವೂ ಬರುತ್ತವೆ. ಸ್ಪ್ರಿಂಗುಗಳಿಗೂ, ಕಿಡಿ ಹಾರಬಾರದಾದ ಅನಿಲ ಸ್ಥಾವರಗಳ ಸುತ್ತಿಗೆ, ಸ್ಪ್ಯಾನರುಗಳಿಗೂ ಇದನ್ನು ಬಳಸುವುದುಂಟು. ಬಾಗಿಸಿದ ಸಲಾಕೆ ಬಾಗಿಯೇ ಉಳಿಯದೆ ಮತ್ತೆ ನೆಟ್ಟಗಾಗಬೇಕು, ಸಾವಿರ ಸಲ ಬಡಿದರೂ ಮುರಿಯಬಾರದು, ಕಂಪನವನ್ನು ಒಳಗೇ ನುಂಗಿಹಾಕಬಾರದು. ಈ ಮೂರೂ ಬೇಡಿಕೆಗೆ ಇದು ಹೇಳಿಮಾಡಿಸಿದ ಲೋಹ.

ಇದಕ್ಕೆ ಕರಾಳ ಮುಖವೂ ಇದೆ. ಗಟ್ಟಿಯಾಗಿ ನಿಂತ ಶಿಲ್ಪವನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಆದರೆ ಬೆರಿಲಿಯಂ ಇರುವ ಲೋಹವನ್ನು ಕರಗಿಸುವಾಗ, ಉಜ್ಜುವಾಗ, ಬೆಸೆಯುವಾಗ ಏಳುವ ಹೊಗೆ, ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲಿ ಬೆರಿಲಿಯಂ ಅನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಬರ್ಟೋಯಾ ತೀರಿಕೊಂಡದ್ದು ಅದಕ್ಕೂ ಮುಂಚೆ, 1978ರ ನವೆಂಬರ್‌ನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ. ವಯಸ್ಸು 63. ಒಬ್ಬ ವ್ಯಕ್ತಿಯ ಕಾಯಿಲೆಗೆ ಇಂಥದ್ದೇ ಕಾರಣವೆಂದು ಬೊಟ್ಟು ಮಾಡುವುದು ವೈದ್ಯಕೀಯವಾಗಿ ಕಷ್ಟ. ಆದರೂ ಆ ನೂರಾರು ಬೆಸುಗೆಗಳನ್ನು ಎಣಿಸುವಾಗ ಈ ಸಂಗತಿಯನ್ನು ಮರೆಯಲು ನನಗಾಗುವುದಿಲ್ಲ.

ಈಗ ಕೊಟ್ಟಿಗೆಯ ವಿಚಾರ. ನನ್ನ ಮಟ್ಟಿಗೆ ಬರ್ಟೋಯಾನ ಅತ್ಯುತ್ತಮ ಕೃತಿ ಯಾವುದೇ ಒಂದು ಶಿಲ್ಪವಲ್ಲ, ಆ ಕೊಟ್ಟಿಗೆ. 1960ರ ದಶಕದ ಕೊನೆಯ ಹೊತ್ತಿಗೆ ಬಾರ್ಟೊದ ಹಳೆಯ ಕೊಟ್ಟಿಗೆಯನ್ನು ದುರಸ್ತಿ ಮಾಡಿ, ಮರದ ನೆಲದ ಮೇಲೆ ತನ್ನ ನಾದಶಿಲ್ಪಗಳನ್ನು ಒಂದೊಂದಾಗಿ ತಂದು ನಿಲ್ಲಿಸಿದ. ದನಿ ಒಪ್ಪಿದ್ದನ್ನು ಉಳಿಸಿಕೊಂಡ, ಒಪ್ಪದ್ದನ್ನು ಹೊರಗೆ ಕಳಿಸಿದ. ನಿಂತ ಸಲಾಕೆಗಳ ಗುಂಪುಗಳು, ತೂಗುಬಿಟ್ಟ ದೊಡ್ಡ ಜಾಗಟೆಗಳು, ಒಂದಕ್ಕೊಂದು ಬಡಿಯುವ ದಪ್ಪ ಲೋಹದ ದಂಡಗಳು, ಎಲ್ಲ ಸೇರಿ ಸುಮಾರು ನೂರು. ಅವುಗಳ ನಡುವೆ ಓಡಾಡುತ್ತ, ಒಂದನ್ನು ಸವರಿ, ಇನ್ನೊಂದನ್ನು ತಬ್ಬಿ ಅಲುಗಿಸಿ, ಮತ್ತೊಂದನ್ನು ತಟ್ಟಿ ಅವನು ನುಡಿಸುತ್ತಿದ್ದ. ಒಂದು ಶಿಲ್ಪ ನುಡಿದಾಗ ಅದೇ ಆವರ್ತನದ ಇನ್ನೊಂದು, ಯಾರೂ ಮುಟ್ಟದೆಯೇ, ಅನುರಣಿಸುತ್ತದೆ. ಹಾಗಾಗಿ ಅಲ್ಲಿ ಯಾವುದೂ ಒಂಟಿಯಾಗಿ ನುಡಿಯುತ್ತಿರಲಿಲ್ಲ. ಈ ಎಲ್ಲಕ್ಕೂ ಅವನು ‘ಸೊನಾಂಬಿಯಂಟ್’ ಎಂದು ಹೆಸರಿಟ್ಟ.

ತೊಲೆಗಳಿಂದ ಮೈಕುಗಳನ್ನು ಇಳಿಬಿಟ್ಟು ಟೇಪಿನಲ್ಲಿ ಧ್ವನಿಮುದ್ರಣವನ್ನೂ ಮಾಡಿದ. ಹಳೆಯ ಟೇಪನ್ನು ಹಾಕಿಕೊಂಡು ಅದರ ಮೇಲೆ ಹೊಸದಾಗಿ ನುಡಿಸಿ ಪದರ ಸೇರಿಸಿದ್ದೂ ಉಂಟು. ಮೊದಲ ಎಲ್‌ಪಿ 1970ರಲ್ಲಿ ಬಂತು. ಮರುವರ್ಷ ಜೆಫ್ರಿ ಮತ್ತು ಮಿರಿಯಂ ಈಗರ್ ಇದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಸಾವು ಹತ್ತಿರವಾದಾಗ ಟೇಪುಗಳಿಂದ ಇನ್ನೂ ಹತ್ತು ಎಲ್‌ಪಿಗಳಿಗೆ ಆಗುವಷ್ಟನ್ನು ಆರಿಸಿಕೊಟ್ಟ. ಕೊಟ್ಟಿಗೆಯ ಹಿಂದೆ ಅವನದೇ ದೊಡ್ಡ ಜಾಗಟೆಯೊಂದರ ಕೆಳಗೆ ಅವನನ್ನು ಮಣ್ಣು ಮಾಡಿದ್ದಾರೆ.

ಆಮೇಲೆ ಮಗ ವಾಲ್ ಬರ್ಟೋಯಾ ಕೊಟ್ಟಿಗೆಯನ್ನು ದಶಕಗಳ ಕಾಲ ನೋಡಿಕೊಂಡ, ತಾನೂ ಶಿಲ್ಪಗಳನ್ನು ಮಾಡಿದ, ಬಂದವರಿಗೆ ನುಡಿಸಿ ತೋರಿಸಿದ. ಆದರೆ 2010ರ ದಶಕದಲ್ಲಿ ಆ ಸಂಗ್ರಹ ಚದುರಿತು. ಒಂದಾಗಿ ಕೇಳಲೆಂದೇ ಆರಿಸಿಟ್ಟ ಶಿಲ್ಪಗಳು ಹಂಚಿಹೋಗಿ, ಮ್ಯೂಸಿಯಂಗಳಿಗೆ, ಖಾಸಗಿ ಸಂಗ್ರಹಗಳಿಗೆ ಬಿಡಿಬಿಡಿಯಾಗಿ ಸೇರಿದವು. ಮಾರುಕಟ್ಟೆಗೆ ಶಿಲ್ಪವೆಂದರೆ ಒಂದು ಘಟಕ, ಅದಕ್ಕೊಂದು ಎತ್ತರ, ಒಂದು ಲೋಹ, ಒಂದು ಬೆಲೆ. ಎರಡು ಶಿಲ್ಪಗಳ ನಡುವಿನ ಅನುರಣನವನ್ನು ಯಾವ ಹರಾಜಿನಲ್ಲೂ ಕೂಗುವುದಿಲ್ಲ. ಖರೀದಿಸಿದವರನ್ನು ದೂರುತ್ತಿಲ್ಲ. ಅವರು ಕೊಳ್ಳದಿದ್ದರೆ ಎಷ್ಟೋ ಶಿಲ್ಪಗಳು ಯಾವುದೋ ಗೋದಾಮಿನಲ್ಲಿರುತ್ತಿದ್ದವು. ಆದರೂ ಕಳೆದುಹೋದದ್ದು ಏನೆಂಬುದನ್ನು ಹೇಳಲೇಬೇಕು: ಅದು ಒಂದು ವಾದ್ಯಮೇಳ.

ಫಿಫ್ತ್ ಅವೆನ್ಯೂನ ಆ ಪರದೆಯ ಕಥೆ ಬೇರೆಯಾಯಿತು. 2010ರಲ್ಲಿ ಅದನ್ನು ಬಿಚ್ಚಿ ಒಯ್ದಾಗ ಕಟ್ಟಡ ಪರಂಪರೆಯ ಬಗ್ಗೆ ಕಾಳಜಿಯುಳ್ಳವರು ಗದ್ದಲವೆಬ್ಬಿಸಿದರು. ಕೊನೆಗೆ ಅದು ಹಳೆಯ ಜಾಗಕ್ಕೇ ಮರಳಿತು. ಗೋಡೆಗೆ ಸೇರಿದ್ದನ್ನು ಉಳಿಸಿಕೊಳ್ಳಲು ಕಾನೂನಿನ ನೆರವು ಸಿಗುತ್ತದೆ. ಕೋಣೆಯ ನಾದಕ್ಕೆ ಅಂಥ ಆಸರೆ ಇಲ್ಲ.

ಖಾಸಗಿ ಸಂಗ್ರಹದಲ್ಲಿರುವ ನಾದಶಿಲ್ಪಕ್ಕೆ ಇನ್ನೊಂದು ಕಷ್ಟವಿದೆ. ಬೆಲೆ ಏರಿದಂತೆ ಮುಟ್ಟುವ ಕೈಗಳು ಕಡಿಮೆಯಾಗುತ್ತವೆ. ಬೆವರಿನಿಂದ ಲೋಹದ ಮೇಲ್ಮೈ ಕಪ್ಪಿಡುತ್ತದೆ, ಒರಟಾಗಿ ಎಳೆದರೆ ಸಲಾಕೆ ಬಾಗಿ ಪಕ್ಕದ್ದಕ್ಕೆ ಸಿಕ್ಕಿಕೊಳ್ಳುತ್ತದೆ, ಬುಡದ ಬೆಸುಗೆ ಬಿಡಬಹುದು. ಈ ಭಯಗಳು ಸುಳ್ಳಲ್ಲ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಸ್ವರಕಂಬಗಳನ್ನು ಈಗ ತಟ್ಟಲು ಬಿಡುವುದಿಲ್ಲ, ಅದು ಸರಿಯೂ ಹೌದು. ಬಡಿದು ಬಡಿದು ಸವೆದ ಕಲ್ಲನ್ನು ಮತ್ತೆ ತರುವವರಿಲ್ಲ, ಆ ಕಂಬಗಳಿಗೆ ಮಂಟಪದ ಭಾರ ಹೊರುವ ಕೆಲಸವೂ ಇದೆ. ಆದರೆ ಬರ್ಟೋಯಾನ ಸಲಾಕೆಗಳಿಗೆ ನುಡಿಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಅವನು ಆ ಲೋಹವನ್ನು ಆರಿಸಿದ್ದೇ ಪೆಟ್ಟು ತಿನ್ನಲಿ ಎಂದು. ಗಾಜಿನ ಪೆಟ್ಟಿಗೆಯೊಳಗಿಟ್ಟ ಸೊನಾಂಬಿಯಂಟ್ ಕಾಪಾಡಿದಂತೆ ಕಾಣುತ್ತದೆ, ಆದರೆ ಕೃತಿಯ ಮುಖ್ಯ ಭಾಗವೇ ಹೊರಗುಳಿದಿರುತ್ತದೆ. ತೆಳುವಾದ ಹತ್ತಿಯ ಕೈಗವಸು ಹಾಕಿ, ನಿಧಾನವಾಗಿ, ಸಲಾಕೆಗಳನ್ನು ಹಿಡಿದೆಳೆಯದೆ ಸವರಿ ನುಡಿಸಿದರೆ ಆಗುವ ಸವೆತ ಅತ್ಯಲ್ಪ. ವರ್ಷಕ್ಕೆ ಕೆಲವು ಸಲವಾದರೂ ಜನರನ್ನು ಕರೆದು ನುಡಿಸುವ ಸಂಗ್ರಾಹಕರು ಆ ಶಿಲ್ಪಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತಿದ್ದಾರೆ.

ಷಿಕಾಗೋದಲ್ಲಿ ಈ ಕೆಲಸವನ್ನು ಗಾಳಿ ಮಾಡುತ್ತದೆ. ಆಗ ಸ್ಟ್ಯಾಂಡರ್ಡ್ ಆಯಿಲ್ ಬಿಲ್ಡಿಂಗ್ ಎನ್ನುತ್ತಿದ್ದ, ಈಗ ಏಯಾನ್ ಸೆಂಟರ್ ಆಗಿರುವ ಗಗನಚುಂಬಿಯ ಅಂಗಳದ ಕೊಳದಲ್ಲಿ 1975ರಲ್ಲಿ ಅವನು ಎತ್ತರದ ಸಲಾಕೆಗಳ ಹನ್ನೊಂದು ಗುಂಪುಗಳನ್ನು ನಿಲ್ಲಿಸಿದ. ಮಿಷಿಗನ್ ಸರೋವರದ ಗಾಳಿಗೆ ಹೆಸರಾದ ಊರು ಅದು. ಅಂಗಳವನ್ನು ಆಮೇಲೆ ಬದಲಾಯಿಸಿ ಕೆಲವು ಗುಂಪುಗಳನ್ನು ಬೇರೆಡೆಗೆ ಸಾಗಿಸಿದರೂ ಉಳಿದವು ದಾರಿಹೋಕರಿಗೆ ಇಂದೂ ಕೇಳಿಸುತ್ತವೆ. ಟಿಕೆಟ್ಟಿಲ್ಲ, ಕೈಗವಸಿಲ್ಲ.

ಬರ್ಟೋಯಾ ತನ್ನ ಶಿಲ್ಪಗಳಿಗೆ ಸಹಿ ಹಾಕುತ್ತಿರಲಿಲ್ಲ, ಹೆಸರನ್ನೂ ಬಹುಪಾಲು ಕೊಡಲಿಲ್ಲ. ಇದರಿಂದ ಇಂದಿನ ಸಂಗ್ರಾಹಕರಿಗೆ ಅಸಲಿ ಯಾವುದು, ಇನ್ನೊಬ್ಬರು ಮಾಡಿದ್ದು ಯಾವುದು ಎಂದು ತಿಳಿಯುವುದೇ ದೊಡ್ಡ ಕೆಲಸ. ಮಗಳು ಸೀಲಿಯಾ ಬರ್ಟೋಯಾ ಸ್ಥಾಪಿಸಿದ ಪ್ರತಿಷ್ಠಾನ ಎಲ್ಲ ಕೃತಿಗಳ ಪಟ್ಟಿ ಮಾಡುವ ಹೊಣೆ ಹೊತ್ತಿದೆ. ಇಂಥ ಪಟ್ಟಿಯಲ್ಲಿ ಅಳತೆ, ಲೋಹ, ಛಾಯಾಚಿತ್ರದ ಜೊತೆಗೆ ಪ್ರತಿ ಶಿಲ್ಪದ ಧ್ವನಿಮುದ್ರಣವೂ ಸೇರಬೇಕು ಎಂಬುದು ನನ್ನ ಆಸೆ. ಎರಡು ಶಿಲ್ಪಗಳು ಕಣ್ಣಿಗೆ ಒಂದೇ ತರಹ ಕಾಣಬಹುದು, ದನಿ ಒಂದೇ ಆಗಿರುವುದು ಅಪರೂಪ.

ಕೇಳಬೇಕೆನ್ನುವವರಿಗೆ ಇಂದು ದಾರಿಯಿದೆ. ಹನ್ನೊಂದೂ ಎಲ್‌ಪಿಗಳನ್ನು ಅಮೆರಿಕದ ಇಂಪಾರ್ಟೆಂಟ್ ರೆಕಾರ್ಡ್ಸ್ ಸಂಸ್ಥೆ ಹತ್ತು ವರ್ಷದ ಹಿಂದೆ ಸಿಡಿಗಳ ಗುಚ್ಛವಾಗಿ ಮತ್ತೆ ಹೊರತಂದಿದೆ. ‘ಬೆಲಿಸ್ಸಿಮಾ ಬೆಲಿಸ್ಸಿಮಾ ಬೆಲಿಸ್ಸಿಮಾ’ ಮತ್ತು ‘ನೋವಾ’ ಎಂಬ ಎರಡು ಭಾಗಗಳಿರುವ 1970ರ ಮೊದಲ ಎಲ್‌ಪಿಯಿಂದ ಶುರುಮಾಡಬಹುದು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಅದು ಕೆಳಸ್ಥಾಯಿಯನ್ನು ಬಹುಪಾಲು ನುಂಗಿಬಿಡುತ್ತದೆ, ಎತ್ತರದ ಸಲಾಕೆಗಳ ಗುಡುಗೆಲ್ಲ ಇರುವುದು ಅಲ್ಲಿಯೇ. ಒಳ್ಳೆಯ ಹೆಡ್‌ಫೋನು ಅಥವಾ ದೊಡ್ಡ ಸ್ಪೀಕರು ಹಾಕಿ, ಒಂದು ಪೂರ್ತಿ ಭಾಗವನ್ನು ನಡುವೆ ನಿಲ್ಲಿಸದೆ ಕೇಳಿ. ಮೊದಲ ಕೆಲವು ನಿಮಿಷ ರಾಗ, ತಾಳ ಹುಡುಕುವ ಅಭ್ಯಾಸ ಕಾಡುತ್ತದೆ. ಅದು ಹಿಂದೆ ಸರಿದ ಮೇಲೆ ಸಲಾಕೆಗಳು ಒಂದಕ್ಕೊಂದು ತಾಗುವ ಸದ್ದು, ಏರಿಳಿಯುವ ವಿಸ್ಪಂದ, ಪಕ್ಕದ ಜಾಗಟೆ ತಾನಾಗಿ ದನಿಗೂಡಿಸುವುದು, ಎಲ್ಲ ಬೇರೆಬೇರೆಯಾಗಿ ಗುರುತು ಸಿಗತೊಡಗುತ್ತವೆ.